ದೈವದ ಕಟ್ಟೆಗೆ ಬಂದ ಕುದುರೆ

ಅಂಗಳದಲ್ಲಿ ಹರಡಿದ ಸಿಗಡಿಗೆ ಕಾಗೆ ಕಾಯುತ್ತ ಕೂತಿದ್ದೆ. ಕೈಯಲ್ಲಿ ಒಣಗಿದ ತೆಂಗಿನ ಮಡಲು, ತಲೆಯ ಮೇಲೆ ಮಡಚಿದ ಗೋಣಿ. ಒಂದು ಕಾಗೆಯನ್ನು ಓಡಿಸಿದರೆ ಇನ್ನೊಂದು ಬೇಲಿಯಿಂದ ಇಳಿಯುತ್ತಿತ್ತು. ನಮ್ಮ ಮನೆ ಮರವಂತೆಯಲ್ಲಿ, ಕಡಲಿಗೂ ಹೊಳೆಗೂ ನಡುವೆ. ಮುಂದಿನ ಬಾಗಿಲು ತೆರೆದರೆ ಕಡಲ ಸದ್ದು, ಹಿಂದಿನದು ತೆರೆದರೆ ಹೊಳೆಯ ಗಾಳಿ. ಎರಡನ್ನೂ ಒಟ್ಟಿಗೆ ತೆರೆದರೆ ದೇವರ ದೀಪ ನಿಲ್ಲುವುದಿಲ್ಲವೆಂದು ಅಜ್ಜಿ ಯಾವುದಾದರೂ ಒಂದನ್ನು ಮುಚ್ಚಿಯೇ ಇಡುತ್ತಿದ್ದಳು. ಅಜ್ಜಿಯೆಂದರೆ ಅಪ್ಪಯ್ಯನ ತಾಯಿ. ಆ ದಿನ ನನ್ನ ಅಬ್ಬಿ, ನನ್ನನ್ನು ಹೆತ್ತವಳು, ಹೊರಗಾಗಿದ್ದಳು. ತಿಂಗಳ ಆ ಮೂರು ದಿನ ಹೆಂಗಸರು ಒಳಗೆ ಬರುವಂತಿರಲಿಲ್ಲ, ಯಾರನ್ನೂ ಮುಟ್ಟುವಂತಿರಲಿಲ್ಲ, ದೈವದ ಕಟ್ಟೆಯ ದಿಕ್ಕಿಗಂತೂ ಸುಳಿಯುವಂತಿರಲಿಲ್ಲ. ದನದ ಹಟ್ಟಿಗೆ ತಾಗಿದ ಇಳಿಮಾಡಿನ ಕೆಳಗೆ ಅವಳಿಗೊಂದು ಚಾಪೆ, ಒಂದು ಚೊಂಬು, ಒಂದು ತಟ್ಟೆ. ಮನೆಗೆಲಸವೆಲ್ಲ ಅಜ್ಜಿಯ ಮೇಲೆ ಮತ್ತು ಒಂಬತ್ತು ವರ್ಷದ ನನ್ನ ಮೇಲೆ ಬೀಳುತ್ತಿತ್ತು. ಬೇಲಿಯಾಚೆಯಿಂದ ನೆರೆಮನೆಯ ಗಿರಿಜಕ್ಕ ಕೂಗಿದ್ದು ಆಗಲೇ.

"ಹ್ವಾಯ್ ದೊಡ್ಡಮ್ಮ, ಎಲ್ಲಿದ್ರಿ? ನಿಮ್ಮ ಹಾಯ್ಗುಳಿ ಕಟ್ಟಿ ಹತ್ರ ಬಿಳಿ ಕುದ್ರಿ ಬಂದ್ ನಿಂತಿತ್ತ್. ಮೈಮೇಲೆ ಜರಿ ಬಟ್ಟಿ, ಕೊರಳಗೆ ಹೂಗಿನ್ ಮಾಲಿ. ಹತ್ರ ಹೋಪುಕೆ ನಂಗ್ ಧೈರ್ಯ ಆಯ್ಲಿಲ್ಲ."

ಅಜ್ಜಿ ಒಳಗಿಂದ ಬಂದವಳು ಜಗಲಿಯ ಕಂಬ ಹಿಡಿದು ನಿಂತುಬಿಟ್ಟಳು. ಅವಳ ಮುಖ ಹಾಗಾದದ್ದಕ್ಕೆ ಕಾರಣವಿತ್ತು. ಮೂರು ಮಳೆಗಾಲದ ಹಿಂದೆ ಅಪ್ಪಯ್ಯನ ದೋಣಿ ಮಗುಚಿ, ಅವನು ಒಂದು ಹಲಗೆ ಹಿಡಿದುಕೊಂಡು ದಡ ಸೇರಿದ್ದ. ಅವನು ಸಿಗುವ ಮೊದಲು, ಕಡಲಿಗೆ ಮುಖ ಮಾಡಿ ನಿಂತು, ಮನೆ ದೈವವಾದ ಹಾಯ್ಗುಳಿಗೆ ಅಜ್ಜಿ ಒಂದು ಕುದುರೆಯ ಹರಕೆ ಹೇಳಿಕೊಂಡಿದ್ದಳು. ಮರದ ಕುದುರೆ, ನಮ್ಮ ಕಡೆ ದೈವದ ಸವಾರಿಗೆಂದು ಒಪ್ಪಿಸುವುದು ಅದನ್ನೇ. ಒಳ್ಳೆಯ ಮರ ಸಿಗಲಿಲ್ಲ, ಸಿಕ್ಕಾಗ ಆಚಾರಿ ಸಿಗಲಿಲ್ಲ, ಹೀಗೆ ಹರಕೆ ಹಿಂದೆ ಬಿದ್ದಿತ್ತು. ಅಪ್ಪಯ್ಯ ಕಡಲಿಗಿಳಿದ ದಿನವೆಲ್ಲ ಅಜ್ಜಿ ಅದನ್ನೇ ನೆನೆದು ಹೆದರುತ್ತಿದ್ದಳು. ಆ ಬೆಳಿಗ್ಗೆಯೂ ಅವನು ಕಡಲಲ್ಲಿದ್ದ.

"ನಾನ್ ಕೊಡುಕೆ ತಡ ಮಾಡ್ದೆ ಅಂದೇಳಿ ಅವನೇ ತರ್ಸ್ಕಂಡ," ಎಂದಳು ಅಜ್ಜಿ, ಮೆಲ್ಲಗೆ, ತನಗೇ ಹೇಳಿಕೊಂಡಂತೆ. ಆಮೇಲೆ ನನ್ನ ಕಡೆ ತಿರುಗಿ, "ಹೆಣೆ, ಮಡ್ಲ್ ಬಿಸಾಕ್. ಕೈಕಾಲ್ ತೊಳ್ಕಂಡ್ ಬಾ. ಆರತಿ ತಟ್ಟಿ ತೆಗಿ."

ಕುದುರೆ ನಿಜವಾಗಿ ಎಲ್ಲಿಂದ ಬಂತೆಂಬುದು ಮಧ್ಯಾಹ್ನ ತಿಳಿಯಿತು. ತ್ರಾಸಿ ಕಡೆ ಒಂದು ಮದುವೆ. ಮದುವೆಯವರು ಮುಂಬಯಿಯಲ್ಲಿ ಹೋಟೆಲು ನಡೆಸುವವರು. ಅಲ್ಲಿನ ಹಾಗೆ ಮದುಮಗನನ್ನು ಕುದುರೆಯ ಮೇಲೆ ಕರೆತರಬೇಕೆಂದು ಎಲ್ಲಿಂದಲೋ ಒಂದು ಬಿಳಿ ಹೆಣ್ಣು ಕುದುರೆಯನ್ನು ಲಾರಿಯಲ್ಲಿ ತರಿಸಿದ್ದರು. ಊರಿನವರು ಊರಿನ ಹಾಗೆ ಗರ್ನಾಲು ಹೊಡೆದರು. ಆ ಸಿಡಿತದ ಸದ್ದಿಗೆ ಕುದುರೆ ಹಗ್ಗ ಹರಿದುಕೊಂಡು, ಕಡಲಬದಿಯ ಹೊಯ್ಗೆಯ ಮೇಲೆ ಓಡಿಬಂದು, ನಮ್ಮ ಕಟ್ಟೆಯ ಹೊನ್ನೆಮರದ ನೆರಳು ಕಂಡು ನಿಂತಿತ್ತು. ಮದುಮಗ ಇನ್ನೂ ಹತ್ತಿರಲಿಲ್ಲ. ಅದು ದೇವರ ದಯೆ ಎಂದು ನಾನು ಇವತ್ತಿಗೂ ಎಣಿಸುತ್ತೇನೆ.

ಕುದುರೆಯ ಬಗ್ಗೆ ನಮ್ಮ ಮನೆಯಲ್ಲಿ ತಿಳಿದವಳೆಂದರೆ ಅಬ್ಬಿಯೊಬ್ಬಳೇ. ಆದರೆ ಅದು ಹೇಳಿಕೊಳ್ಳುವ ವಿಷಯವಾಗಿರಲಿಲ್ಲ. ಅವಳ ಅಪ್ಪಯ್ಯ ನಮ್ಮ ಜಾತಿಯವನೇ, ಕಡಲ ಮಗನೇ. ತಮ್ಮನನ್ನು ಕಡಲು ತೆಗೆದುಕೊಂಡ ಮೇಲೆ ಮತ್ತೆ ದೋಣಿ ಹತ್ತಲಿಲ್ಲ. ಕುಂದಾಪುರದಲ್ಲಿ ಜಟಕಾ ಗಾಡಿ ಇಟ್ಟುಕೊಂಡು, ಬಸ್ಸಿಳಿದವರನ್ನು ಹೊಳೆ ದಾಟುವ ಕಡುವಿಗೆ ಮುಟ್ಟಿಸುತ್ತ ಮಕ್ಕಳನ್ನು ಸಾಕಿದ. ಅಜ್ಜಿಗೆ ಅದು ದೊಡ್ಡ ಕೊರತೆ. ಸಾರಿಗೆ ಉಪ್ಪು ಹೆಚ್ಚಾದರೆ "ಕಡ್ಲ್ ಬಿಟ್ಟವನ ಮಗಳಿಗೆ ಉಪ್ಪಿನ್ ಅಂದಾಜ್ ಎಲ್ಲಿಂದ ಬರ್ಕ್" ಎನ್ನುವಳು. ಮೀನು ಕೊಯ್ಯುವಾಗ ಕೈ ತಡವಾದರೆ "ಲದ್ದಿ ಬಾಚದ್ ಕೈ ಅಲ್ದಾ" ಎನ್ನುವಳು. ಅಬ್ಬಿ ತಿರುಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಮದುವೆಯಾಗಿ ಹತ್ತು ವರ್ಷ ಅವಳು ತವರಿನ ಕುದುರೆಯ ಸುದ್ದಿಯನ್ನು ಆ ಮನೆಯ ಹೊಸ್ತಿಲೊಳಗೆ ತರಲಿಲ್ಲ.

ಹೊಸ್ತಿಲ ಹೊರಗೆ ತಂದಳು. ಬೇರೆ ದಿನಗಳಲ್ಲಿ ಅಬ್ಬಿಗೆ ನನ್ನ ಮುಖ ನೋಡಲೂ ಹೊತ್ತಿರುತ್ತಿರಲಿಲ್ಲ. ಹೊರಗಾದ ಮೂರು ದಿನ ಮಾತ್ರ ಅವಳ ಕೈ ಖಾಲಿ. ನಾನು ನಾಲ್ಕು ಮಾರು ದೂರದಲ್ಲಿ ಕೂತರೆ, ಅವಳು ಇಳಿಮಾಡಿನ ಕೆಳಗಿಂದ ಕುದುರೆಯಾಟ ಆಡಿಸುತ್ತಿದ್ದಳು. ಎರಡು ಅಂಗೈ ತಲೆಯ ಮೇಲೆ ಎತ್ತಿ ಹಿಡಿದರೆ ಅವೇ ಕಿವಿ. ಎರಡೂ ಮುಂದಕ್ಕೆ ಬಾಗಿದರೆ ಕುದುರೆ ಏನನ್ನೋ ನೋಡುತ್ತಿದೆ. ಒಂದು ಮುಂದೆ, ಒಂದು ಹಿಂದೆ ಆಡಿದರೆ ಎರಡು ಕಡೆಯ ಮಾತು ಕೇಳಿಸಿಕೊಳ್ಳುತ್ತಿದೆ. ಬದಿಗೆ ಜೋತುಬಿದ್ದರೆ ನಿದ್ದೆ. ಆಗಲೂ ಸದ್ದಿಲ್ಲದೆ ಹತ್ತಿರ ಹೋಗಬಾರದು, ದೂರದಿಂದಲೇ ಮಾತಾಡಿಸಬೇಕು. ಎರಡೂ ಹಿಂದಕ್ಕೆ ಹೋಗಿ ತಲೆಗೆ ಅಂಟಿಕೊಂಡರೆ, ಅಲ್ಲಿಗೆ ಆಟ ಮುಗಿಯಿತು, ನಾನು ಹಿಂದಕ್ಕೆ ಸರಿಯಬೇಕು. ಸರಿಯದಿದ್ದರೆ ಒಂದು ತೆಂಗಿನ ಸಿಪ್ಪೆ ನನ್ನ ಕಾಲ ಬಳಿ ಬಂದು ಬೀಳುತ್ತಿತ್ತು. ಅದು ಒದೆ.

"ಹಿಂದಿನ್ ಕಾಲ್ ಎತ್ತಿ ನಿಂತ್ರೆ ಒದುಕೆ ಅಲ್ದಾ ಅಬ್ಬಿ?" ಎಂದು ಒಮ್ಮೆ ಕೇಳಿದ್ದೆ.

"ದಣ್ದ್ರೂ ಎತ್ತತ್ತ್, ಸಿಟ್ಟ್ ಬಂದ್ರೂ ಎತ್ತತ್ತ್. ಕಾಲ್ ಒಂದೇ ಕಂಡ್ರೆ ಗೊತ್ತಾತ್ತಿಲ್ಲೆ. ಕಾಲಿಗೂ ಕೆಮಿಗೂ ಒಟ್ಟಿಗೆ ಕಾಣ್. ಗೊತ್ತಾಯ್ಲಿಲ್ಲ ಅಂದ್ರೆ ದೂರ ನಿಲ್ಲ್. ದೂರ ನಿಂತವ್ರಿಗೆ ಯಾವ ಕುದ್ರಿಯೂ ಒದುದಿಲ್ಲ."

ಅಷ್ಟೆಲ್ಲ ಕಲಿತವಳು ನಾನು. ಅಂಥ ನಾನೇ ಆ ಬೆಳಿಗ್ಗೆ ಆರತಿ ತಟ್ಟೆ ಹಿಡಿದು, ಗುರುತಿಲ್ಲದ ಕುದುರೆಯ ಎದುರಿಗೆ ನೇರ ನಡೆದುಕೊಂಡು ಹೋದೆ.

ಕಟ್ಟೆಯ ಒಂದು ಬದಿಗೆ ಕಲ್ಲಿನ ಪಾಗಾರ. ಕುದುರೆ ಅದಕ್ಕೆ ಮೈ ತಾಗಿಸಿಕೊಂಡು ನಿಂತಿತ್ತು. ಉಳಿದ ಬದಿಗಳಲ್ಲಿ ಸುತ್ತಲ ಮನೆಯವರು ಅರ್ಧಚಂದ್ರದ ಹಾಗೆ ನಿಂತಿದ್ದರು, ಕಡಲಿಗೆ ಹೋಗುವ ದಾರಿಯನ್ನೂ ಮುಚ್ಚಿ. ಹೆಂಗಸರು ಸೆರಗು ಹೊದ್ದು ಕೈಮುಗಿದಿದ್ದರು. ಅಜ್ಜಿ ಜಾಗಟೆ ಹೊಡೆಯುತ್ತಿದ್ದಳು. ದೇವರು ಬಂದಾಗ ನಾವು ಮಾಡುವುದು ಅದನ್ನೇ: ಜಾಗಟೆ, ಬೆಂಕಿ, ಎದುರಿಗೆ ನಿಂತು ಕಣ್ಣಲ್ಲಿ ಕಣ್ಣಿಟ್ಟು ಬೇಡುವುದು. ದೇವರಿಗೆ ಅದು ಪ್ರೀತಿ. ಕುದುರೆಗೆ ಅದರಲ್ಲಿ ಒಂದೂ ಆಗುವುದಿಲ್ಲ. ಅದರ ಕಿವಿಗಳು ತಲೆಗೆ ಅಂಟಿದ್ದವು. ಕಣ್ಣಿನ ಬಿಳಿ ಕಾಣುತ್ತಿತ್ತು. ಮೂಗಿನ ಹೊಳ್ಳೆ ಹಿರಿದಾಗಿ, ಹೆಗಲ ಮೇಲೆ ನೊಣ ಕೂತ ಹಾಗೆ ಚರ್ಮ ಅದುರುತ್ತಿತ್ತು. ಬಾಲ ಒಳಗೆ ಒತ್ತಿಕೊಂಡಿತ್ತು. ಹಿಂಗಾಲಿಗೆ ಹರಿದ ಜರಿಬಟ್ಟೆ ಬಡಿದಾಗೆಲ್ಲ ಅದು ನಿಂತಲ್ಲೇ ಕುಣಿಯುತ್ತಿತ್ತು. ನೋಡಿದವರೆಲ್ಲ ದೈವ ಮೈದುಂಬಿದೆ ಎಂದುಕೊಂಡರು. ಅದು ಹೆದರಿದೆ ಎಂದು ನನಗೆ ಗೊತ್ತಾಯಿತು. ಗೊತ್ತಾದರೂ ಹೇಳಲಿಲ್ಲ. ಅಬ್ಬಿಯ ಕಡೆಯ ವಿದ್ಯೆಯನ್ನು ಅಜ್ಜಿಯ ಎದುರು ಬಾಯಿಬಿಡಬಾರದೆಂಬುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಆ ಮನೆಯಲ್ಲಿ ಬೆಳೆದು ನಾನಾಗಿಯೇ ಕಲಿತಿದ್ದೆ.

"ಮುಂದ್ ಹೋಗ್ ಹೆಣೆ. ಕಾಲಿಗೆ ಹೂಗ್ ಹಾಕ್. ಚಿಕ್ಕ ಹೆಣ್ಣಿನ್ ಕೈಯಂಗೆ ಬೇಗ ಒಪ್ಪತ್ತ್," ಎಂದಳು ಅಜ್ಜಿ.

ಆಗ ನನ್ನ ಚಿಕ್ಕಪ್ಪ ಪಾಗಾರದ ತುದಿಯಿಂದ ಕುದುರೆಯ ಹಿಂದಕ್ಕೆ ಬರುತ್ತಿದ್ದ. ಅವನ ಹೆಗಲ ಮೇಲೆ ಬೀಸುಬಲೆ. ಓಡುವುದನ್ನು ಹಿಡಿಯಲು ಅವನಿಗೆ ಗೊತ್ತಿದ್ದ ಉಪಾಯ ಅದೊಂದೇ.

"ಇದ್ ಓಡಿ ಹೋದ್ರೆ ಹರ್ಕಿಯೂ ಓಡಿ ಹೋತ್ತ್," ಎಂದು ನಗುತ್ತ ಹೇಳಿದ. "ನಾನ್ ಹಿಂದಿನಿಂದ ಬೀಸ್ತೆ, ಕಾಣಿ. ಇಷ್ಟ್ ದೊಡ್ಡ್ ಮೀನ್ ಈ ಬಲಿ ಕಂಡದ್ದೇ ಇಲ್ಲೆ."

ಬಲೆಯ ಅಂಚಿನ ಸೀಸದ ಗುಂಡುಗಳು ಕಲ್ಲಿಗೆ ತಾಗಿ ಸದ್ದಾಯಿತು. ಕುದುರೆಯ ಹಿಂಗಾಲು ಎದ್ದದ್ದು ಯಾರಿಗೂ ಕಾಣಲಿಲ್ಲ. ಕಂಡದ್ದು ಕಟ್ಟೆಗೆ ಹಾಕಿದ್ದ ಚಪ್ಪರದ ಕಂಬ ಮುರಿದದ್ದು. ಚಿಕ್ಕಪ್ಪನ ಮೊಣಕೈಯಿಂದ ಒಂದು ಗೇಣು ಆಚೆಗಿತ್ತು ಆ ಕಂಬ. ಅವನು ಬಲೆಸಮೇತ ಕುಕ್ಕರಿಸಿ ಬಿದ್ದ. ಜನ ಕೂಗಿಕೊಂಡು ಹಿಂದೆ ಸರಿದರು. ನಾನು ಮಾತ್ರ ಕುದುರೆಯ ಎದುರಿಗೆ, ಮೂರು ಹೆಜ್ಜೆ ದೂರದಲ್ಲಿ, ಉರಿಯುವ ತಟ್ಟೆ ಹಿಡಿದು ಉಳಿದೆ. ಕಾಲು ನೆಲಕ್ಕೆ ಹೂತುಹೋದ ಹಾಗಿತ್ತು. ಕುದುರೆ ತಲೆ ಮೇಲೆತ್ತಿತು. ಅದಕ್ಕೆ ಓಡಲು ಉಳಿದಿದ್ದ ದಾರಿಯೆಂದರೆ ನಾನು ನಿಂತ ದಾರಿ.

"ಚಂದೂ, ಅಲ್ಲೇ ನಿಲ್ಲ್. ಓಡ್ಬೇಡ."

ಅಬ್ಬಿಯ ಸ್ವರ, ಜನರ ಹಿಂದಿನಿಂದ. ಕೂಗಲ್ಲ. ಇಳಿಮಾಡಿನ ಕೆಳಗಿಂದ ಆಟ ಆಡಿಸುವಾಗಿನ ಅದೇ ಸ್ವರ.

"ಅದ್ರ ಕಣ್ಣ್ ಕಾಣ್ಬೇಡ. ಕೆಮಿ ಎಲ್ಲಿತ್ತ್ ಹೇಳ್ ಕಾಂಬ."

"ಹಿಂದ್ ಇತ್ತ್ ಅಬ್ಬಿ. ತಲಿಗೆ ಅಂಟ್ಕಂಡಿತ್ತ್."

"ಹಾಂಗಾರೆ ಎಂತ ಹೇಳ್ತಾ ಇತ್ತ್ ಅದ್?"

"ದೂರ ಹೋಗ್ ಅಂತ್."

"ಹೋಪ ಹಾಂಗಾರೆ. ಮೈ ಒಂಚೂರ್ ಬದಿಗೆ ತಿರ್ಗ್ಸ್. ಬೆನ್ನ್ ಹಾಕ್ಬೇಡ. ತಟ್ಟಿ ಮೆಲ್ಲ ಹೊಯ್ಗಿ ಮೇಲಿಡ್. ಉಸ್ರ್ ಬಿಡ್ ಮಗಾ. ಇನ್ ಒಂದೊಂದೇ ಹೆಜ್ಜಿ, ಓರೆಯಂಗೆ, ನನ್ನ ಸ್ವರದ್ ಬದಿಗೆ ಬಾ."

ಎಷ್ಟು ಹೆಜ್ಜೆ ಇಟ್ಟೆನೋ ತಿಳಿಯದು. ಬೆನ್ನಿಗೆ ಗಿರಿಜಕ್ಕನ ಕೈ ತಾಗಿದಾಗ ಅವಳ ಸೆರಗು ಹಿಡಿದುಕೊಂಡೆ. ಅಜ್ಜಿಗೆ ಆಗ ಕಂಡದ್ದು ಕುದುರೆಯಲ್ಲ, ಸೊಸೆ. ಮುಟ್ಟಾದ ಹೆಂಗಸು, ಎರಡನೆಯ ದಿನ, ದೈವದ ಕಟ್ಟೆಯ ಮುಂದೆ, ಊರ ಹತ್ತು ಕಣ್ಣಿನ ಎದುರು.

"ನೀ ಎಲ್ಲಿಗ್ ಬಂದೆ? ಹೊರಗಿದ್ದವಳ್ ಕಟ್ಟಿಗೆ ಬಪ್ಪುದಾ? ನನ್ ಮಗ ಕಡ್ಲಂಗ್ ಇದ್ದ, ಗೊತ್ತಿಲ್ಯಾ ನಿಂಗೆ?"

"ಗೊತ್ತಿತ್ತ್ ಅತ್ತೆ. ತಪ್ಪಾದ್ರೆ ನಂಗೇ ತಟ್ಲಿ," ಎಂದಳು ಅಬ್ಬಿ. "ಜಾಗಟಿ ಹೊಡುದ್ ಬೇಡ. ಕಡ್ಲ್ ಬದಿ ಜಾಗ ಬಿಡುಕೆ ಹೇಳಿ. ಓಡುಕೆ ದಾರಿ ಕಂಡ್ರೆ ಅದ್ ಓಡುದಿಲ್ಲ."

ಅಜ್ಜಿ ಎತ್ತಿದ ಜಾಗಟೆ ಕೋಲು ಎತ್ತಿದಲ್ಲೇ ನಿಂತಿತು. ಮುರಿದ ಕಂಬವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಆಮೇಲೆ ಕೋಲು ಕೆಳಗಿಳಿಸಿ ಹೇಳಿದಳು:

"ಬದಿಗ್ ಹೋಯ್ನಿ ಎಲ್ಲ. ದಾರಿ ಬಿಡಿ."

ಅಬ್ಬಿ ಕುದುರೆಯ ಹತ್ತಿರ ಹೋಗಲೇ ಇಲ್ಲ. ಅದಕ್ಕೆ ಕಾಣುವ ಹಾಗೆ ದೊಡ್ಡ ಸುತ್ತು ಬಳಸಿ ಬಂದು, ಎದುರಿಗೂ ಅಲ್ಲ ಹಿಂದಕ್ಕೂ ಅಲ್ಲ, ಅದರ ಭುಜದ ನೇರಕ್ಕೆ, ನಾಲ್ಕೈದು ಮಾರು ದೂರದಲ್ಲಿ ನಿಂತಳು. ಮೈ ಓರೆ, ಕೈ ಕೆಳಗೆ, ಕಣ್ಣು ಹೊಯ್ಗೆಯ ಮೇಲೆ. ಏನೋ ಮಾತಾಡುತ್ತಿದ್ದಳು, ಮಗುವನ್ನು ತಟ್ಟಿ ಮಲಗಿಸುವ ಹಾಗೆ. ಬಹಳ ಹೊತ್ತು ಏನೂ ಆಗಲಿಲ್ಲ. ಕುದುರೆಯ ಒಂದು ಕಿವಿ ಅವಳ ಕಡೆ ತಿರುಗಿತು, ಮತ್ತೆ ಹಿಂದೆ ಹೋಯಿತು, ಮತ್ತೆ ತಿರುಗಿತು. ಬಾಲ ಸಡಿಲವಾಯಿತು. ತಲೆ ಇಳಿಯಿತು. ಬಾಯಲ್ಲಿ ಏನೂ ಇಲ್ಲದೆಯೇ ಜಗಿಯಿತು, ತುಟಿ ನೆಕ್ಕಿಕೊಂಡಿತು, ದೊಡ್ಡದೊಂದು ಉಸಿರು ಬಿಟ್ಟಿತು. ಆ ಉಸಿರಿನ ಜತೆಗೆ ನಾವೂ ಉಸಿರು ಬಿಟ್ಟೆವು. ಅಬ್ಬಿ ನೀರು ತರಿಸಿದಳು. ಬಾಲ್ದಿಯನ್ನು ಅದರ ಮೂತಿಯ ಬಳಿ ಹಿಡಿಯದೆ, ನಡುವಿನ ಜಾಗದಲ್ಲಿಟ್ಟು ತಾನು ಹಿಂದೆ ಸರಿದಳು. ಹೊರಗಾದಾಗ ಅವಳಿಗೆ ನಾವು ಗಂಜಿ ಇಡುತ್ತಿದ್ದದ್ದೂ ಹಾಗೆಯೇ. ಕುದುರೆ ಬಂದು ಕುಡಿಯಿತು. ಕುಡಿದು ಮುಗಿಸಿ ಅವಳ ಕಡೆ ಕಿವಿ ಮುಂದೆ ಮಾಡಿ ನೋಡಿತು. ಆಗ ಅವಳು ಹತ್ತಿರ ಹೋಗಿ, ಮುಷ್ಟಿಯ ಬೆನ್ನನ್ನು ಮೂಸಲು ಕೊಟ್ಟು, ಕುತ್ತಿಗೆಯ ಬುಡ ಕೆರೆದು, ಕಾಲಿಗೆ ಬಡಿಯುತ್ತಿದ್ದ ಜರಿಬಟ್ಟೆಯ ಗಂಟು ಬಿಚ್ಚಿದಳು. ಹರಿದ ಹಗ್ಗವನ್ನು ಮಡಚಿ ಹಿಡಿದಳು, ಕೈಗೆ ಸುತ್ತಿಕೊಳ್ಳಲಿಲ್ಲ. ಸುತ್ತಿಕೊಂಡವರನ್ನು ಓಡುವ ಕುದುರೆ ಎಳೆದುಕೊಂಡು ಹೋಗುತ್ತದೆಂದು ನನಗೆ ಆಮೇಲೆ ಹೇಳಿಕೊಟ್ಟಳು.

ಈಗ ನಮ್ಮ ಮರವಂತೆಯ ಕಡಲಬದಿಯಲ್ಲಿ ಕಾರು ನಿಲ್ಲಿಸಿ ಇಳಿಯುವವರಿಗೆ ಕುದುರೆ ಸವಾರಿಯಿದೆ. ಬಿಜೂರಿನ ಗಂಡನ ಮನೆಯಿಂದ ತವರಿಗೆ ಬಂದಾಗ ನೋಡುತ್ತೇನೆ: ಮಕ್ಕಳು ಕುದುರೆಯ ಬೆನ್ನ ಹಿಂದಿನಿಂದ ಓಡಿ ಬರುತ್ತವೆ, ದೊಡ್ಡವರು ಫೋಟೋಗೆಂದು ಮುಖಕ್ಕೆ ಮುಖ ತಾಗಿಸುತ್ತಾರೆ. ನನ್ನ ಬಾಯಿ ಸುಮ್ಮನಿರುವುದಿಲ್ಲ. ಮೊದಲು ಕುದುರೆಯವನನ್ನು ಕೇಳಿ, ಅದಕ್ಕೆ ಕಾಣುವ ಹಾಗೆ ಬದಿಯಿಂದ ಬನ್ನಿ, ಕಿವಿ ಹಿಂದಾದರೆ ನಿಲ್ಲಿ ಎನ್ನುತ್ತೇನೆ. ಕೆಲವರು ಕೇಳುತ್ತಾರೆ, ಕೆಲವರು ಈ ಹೆಂಗಸಿಗೆ ಬೇರೆ ಕೆಲಸವಿಲ್ಲವೆಂದು ನಗುತ್ತಾರೆ. ನಗಲಿ. ಸಂಸಾರದಲ್ಲೂ ನನಗೆ ಒದಗಿದ್ದು ಆ ಆಟವೇ. ಬಾಯಿಬಿಟ್ಟು ಹೇಳದವರ ಮೈ ಏನು ಹೇಳುತ್ತಿದೆಯೆಂದು ಮೊದಲು ನೋಡುವುದು, ತಿಳಿಯದಿದ್ದರೆ ಒಂದು ಹೆಜ್ಜೆ ದೂರ ನಿಲ್ಲುವುದು. ನನ್ನ ಯಜಮಾನರು ಪಂಚಾಯತಿ ಮುಗಿಸಿ ಬಂದ ದಿನ ನಾನು ಬಾಲ್ದಿ ನೀರಿಟ್ಟು ಸುಮ್ಮನೆ ಸರಿಯುತ್ತೇನೆ. ಕಿವಿ ಮುಂದಾದ ಮೇಲೆ ಮಾತು.

ಆ ದಿನ ಹೊತ್ತು ನೆತ್ತಿಗೇರುವಾಗ ಮದುವೆಮನೆಯವರು ಹುಡುಕಿಕೊಂಡು ಬಂದರು. ಜತೆಗಿದ್ದ ಕುದುರೆಯವನು ಹಿಂದಿ ಮಾತಾಡುವವನು. ಅವನು ದೂರದಿಂದಲೇ ತನ್ನ ಕುದುರೆಯನ್ನೂ ಅದರ ಭುಜದ ಪಕ್ಕ ನಿಂತ ಹೆಂಗಸನ್ನೂ ನೋಡಿ ಏನೋ ಕೇಳಿದ. ಚಿಕ್ಕಪ್ಪ ಎರಡು ವರ್ಷ ಮುಂಬಯಿಯ ಹೋಟೆಲಿನಲ್ಲಿ ಪಾತ್ರೆ ತೊಳೆದು ಬಂದವನು. ಸೊಂಟ ತಿಕ್ಕಿಕೊಳ್ಳುತ್ತ ಅವನೇ ಅರ್ಥ ಹೇಳಿದ.

"ಅತ್ತಿಗೆ, ನಿಮಗ್ ಈ ಕೆಲ್ಸ ಯಾರ್ ಕಲ್ಸದ್ ಅಂತ್ ಕೇಳ್ತ."

ಅಬ್ಬಿ ಅಜ್ಜಿಯ ಕಡೆ ನೋಡಲಿಲ್ಲ. "ಕಂಡ್ ಗೊತ್ತಿತ್ತ್ ಅಂದೇಳ್," ಎಂದು ಹಗ್ಗ ಕೊಟ್ಟುಬಿಟ್ಟಳು. ಕುದುರೆ ತಲೆ ತಗ್ಗಿಸಿ ಹೋಯಿತು. ಅಜ್ಜಿ ಕಟ್ಟೆಗೆ ಅರಸಿನ ನೀರು ಚಿಮುಕಿಸಿ, ಅಡ್ಡಬಿದ್ದು, "ಮಗಿನ್ ಜೀವಕ್ಕ್ ಬಂದದ್ದಪ್ಪ, ಬೇರೆಂತಕ್ಕೂ ಅಲ್ಲ. ಮನ್ನಿಸ್ಕ್" ಎಂದು ಬೇಡಿಕೊಂಡಳು. ದೈವ ಮುನಿಯಲಿಲ್ಲ. ಅಪ್ಪಯ್ಯ ಸಂಜೆಗೆ ಎಂದಿನಂತೆ ಬಂದ, ಬುಟ್ಟಿಯಲ್ಲಿ ಬಂಗುಡೆಯೂ ಇತ್ತು. ನಾನು ಇಂದಿಗೂ ದೈವಕ್ಕೆ ನಡೆದುಕೊಳ್ಳುವವಳು, ತಲೆತಲಾಂತರದ ಕಟ್ಟಳೆಯನ್ನು ಹಗುರ ಮಾಡಿ ಮಾತಾಡುವವಳಲ್ಲ. ಆದರೆ ತಾಯಿ ಯಾಕೆ ಬಂದಳೆಂದು ದೈವಕ್ಕೆ ಕಂಡಿತ್ತು ಎಂದು ನಂಬಿದ್ದೇನೆ. ಹರಕೆಯ ಕುದುರೆ ಮುಂದಿನ ವರ್ಷವೇ ಆಯಿತು. ಆಚಾರಿ ಅಳತೆಗೆ ಬಂದಾಗ ಅಜ್ಜಿ ಅವನಿಗೆ ಹೇಳಿದ್ದು ಒಂದೇ ಮಾತು, ಕಿವಿ ಮುಂದೆ ಇರಬೇಕು ಎಂದು.

ಆ ಮಧ್ಯಾಹ್ನ ಅಬ್ಬಿ ತಲೆಗೆ ನೀರು ಹೊಯ್ದುಕೊಂಡು ಮತ್ತೆ ಇಳಿಮಾಡಿನ ಕೆಳಗೆ ಹೋಗಿ ಕೂತಿದ್ದಳು. ನಾನು ಒಲೆಯ ಮೇಲೆ ಅನ್ನಕ್ಕಿಟ್ಟು, ಬಾಗಿಲ ಸಂದಿನಿಂದ ನೋಡುತ್ತಿದ್ದೆ. ಅಜ್ಜಿ ಬೆಳಗಿನ ಗಂಜಿಯ ಪಾತ್ರೆ ಹಿಡಿದುಕೊಂಡು ಹೋದಳು. ಬೈಯುತ್ತಾಳೆ ಎಂದುಕೊಂಡೆ. ಎಂದಿನ ಹಾಗೆ ಪಾತ್ರೆಯನ್ನು ದೂರದ ಕಲ್ಲಿನ ಮೇಲಿಟ್ಟಳು. ಎಂದಿನ ಹಾಗೆ ತಿರುಗಿ ಬರಲಿಲ್ಲ. ಅಲ್ಲೇ, ಹಟ್ಟಿಯ ಮೆಟ್ಟಿಲ ಮೇಲೆ, ಮೊಣಕಾಲಿಗೆ ಕೈಕೊಟ್ಟು ಕೂತಳು. ಅಬ್ಬಿ ಪಾತ್ರೆ ತೆಗೆದುಕೊಂಡಳು, ಆದರೆ ಅತ್ತೆಯ ಎದುರು ಉಣ್ಣಲಾರದೆ ಸುಮ್ಮನೆ ಹಿಡಿದುಕೊಂಡಿದ್ದಳು.

"ಉಣ್," ಎಂದಳು ಅಜ್ಜಿ. ಆಮೇಲೆ ಎಲ್ಲೋ ನೋಡುತ್ತ ಕೇಳಿದಳು: "ನಿನ್ನ ಅಪ್ಪಯ್ಯನ ಕುದ್ರಿ ಹೆಸ್ರ್ ಎಂತ?"

ಹತ್ತು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ. ಅಬ್ಬಿ ಪಾತ್ರೆ ಕೆಳಗಿಟ್ಟಳು.

"ಕೃಷ್ಣ ಅಂದೇಳಿ, ಅತ್ತೆ."

"ದೇವ್ರ್ ಹೆಸ್ರೇ ಇಟ್ಟಿದ್ನಾ?"

"ಹೌದ್. ಬೆಳಿಗ್ಗೆ ಎದ್ದ್ ಮೊದ್ಲ್ ಕರೂದ್ ಅದ್ನೇ ಅಲ್ದಾ, ಹಾಂಗಾಯಿ."

ಅಜ್ಜಿ ಹೂಂ ಎಂದಳು. "ಎಷ್ಟ್ ವರ್ಷ ಇದ್ದಿತ್ತ್ ಅದ್?"

ಅಬ್ಬಿ ಹೇಳತೊಡಗಿದಳು. ನಾನು ಬಾಗಿಲ ಸಂದಿಗೆ ಕಿವಿ ಕೊಟ್ಟು ನಿಂತದ್ದು ಅಜ್ಜಿಗೆ ಬೆನ್ನಲ್ಲೇ ಕಂಡಿತೋ ಏನೋ.

"ಹೆಣೆ, ಅಲ್ಲಿ ನಿಂತ್ಕಂಡ್ ಕೇಂಬುದ್ ಸಾಕ್. ಅನ್ನ ಬಸಿ ಹೋಗ್, ಮುದ್ದಿ ಆತ್ತ್."

ನಾನು ಒಳಗೆ ಹೋಗಿ, ಪಾತ್ರೆಗೆ ಬಟ್ಟೆ ಹಿಡಿದು, ಮುಚ್ಚಳ ಒಂಚೂರು ಸರಿಸಿ ಅನ್ನ ಬಸಿದೆ.